ಗೋಲ್‌ಕೀಪರ್ ಪ್ರಚೋದಕನಲ್ಲ, ಮೊದಲು ಮಂಡಿಯೂರಿದವನು ನಾನು

ಲೀಗಿನ ಶಿಸ್ತು ಸಮಿತಿಯ ಮಾನ್ಯ ಅಧ್ಯಕ್ಷರೇ,

ಹುಟ್ಟಿದಾಗಿನಿಂದ ಕಿವಿ ಕೇಳದ ಒಬ್ಬ ಮನುಷ್ಯನನ್ನು ನೀವು ಫೋನಿನಲ್ಲಿ ವಿಚಾರಣೆ ಮಾಡಿದಿರಿ. ಅವನು ಉತ್ತರ ಕೊಡಲಿಲ್ಲ ಎಂದು ಎರಡು ವರ್ಷ ಆಟದಿಂದ ಹೊರಗಿಟ್ಟಿರಿ. ನಿಮ್ಮ ಆದೇಶದ ಎರಡನೇ ಪುಟದಲ್ಲಿ ಹೀಗಿದೆ: 'ಸಮಿತಿಯ ಪ್ರಶ್ನೆಗಳಿಗೆ ಸದರಿ ಆಟಗಾರರು ಉದ್ಧಟತನದ ಮೌನ ವಹಿಸಿರುತ್ತಾರೆ.' ನಾನು ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವನು, ಓದುವುದು ನಿಧಾನ. ನಾಲ್ಕು ಸಲ ಓದಿದೆ. ನಾಲ್ಕು ಸಲವೂ ಅದೇ ಇತ್ತು.

ಅವನಿಗೆ ಕಿವಿ ಕೇಳುವುದಿಲ್ಲ ಎಂದು ನಿಮಗೆ ಗೊತ್ತಿರಲಿಲ್ಲವೇ? ನಿಮ್ಮ ಲೀಗಿನಲ್ಲಿ ಆರು ವರ್ಷದಿಂದ ಆಡುತ್ತಿದ್ದಾನೆ. ಅವನಿಗೆ ಸೀಟಿ ಕೇಳದ ಕಾರಣ ರೆಫರಿ ಬಾವುಟವನ್ನೂ ಎತ್ತಿ ತೋರಿಸಬೇಕು ಎಂದು ನಿಮ್ಮ ಕಚೇರಿಯೇ ಪತ್ರ ಕೊಟ್ಟಿದೆ. ಕೆಳಗೆ ನಿಮ್ಮದೇ ಸೀಲು, ನಿಮ್ಮದೇ ಸಹಿ. ಕಿವುಡನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಎಂಬ ಗಾದೆಯನ್ನು ನಾವು ಬೈಯುವುದಕ್ಕೆ ಬಳಸುತ್ತೇವೆ. ನೀವು ಅದನ್ನೇ ವಿಚಾರಣೆಯ ಪದ್ಧತಿ ಮಾಡಿಕೊಂಡಿದ್ದೀರಿ.

ನಾನು ಯಾರು ಎಂದು ಹೇಳಿಬಿಡುತ್ತೇನೆ. ಅದೇ ತಂಡದ ಎಡಬದಿಯ ಡಿಫೆಂಡರ್, ಮೂರನೇ ನಂಬರ್ ಜೆರ್ಸಿ. ಮ್ಯಾಚ್ ಇಲ್ಲದ ದಿನ ಟೈರ್ ಅಂಗಡಿಯಲ್ಲಿ ಪಂಕ್ಚರ್ ಹಾಕುತ್ತೇನೆ. ವಯಸ್ಸು ಇಪ್ಪತ್ತೊಂದು. ನಮ್ಮ ಗೋಲ್‌ಕೀಪರನನ್ನು ಎಲ್ಲರೂ ಗೋಡೆ ಎನ್ನುತ್ತೇವೆ. ಅವನಿಗೆ ಮೂವತ್ತಮೂರು, ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕಾಗದ ಕತ್ತರಿಸುವ ಮಿಷನ್ನಿನ ಕೆಲಸ. ಅಲ್ಲಿನ ಸದ್ದಿಗೆ ಉಳಿದವರ ಕಿವಿಯೂ ಒಂದೊಂದಾಗಿ ಹೋಗುತ್ತಿದೆಯಂತೆ. 'ಇನ್ನೈದು ವರ್ಷಕ್ಕೆ ಅವರಿಗೆಲ್ಲ ನಾನೇ ಮೇಷ್ಟ್ರು' ಎಂದು ಕೈಸನ್ನೆಯಲ್ಲಿ ಹೇಳಿ ನಗುತ್ತಾನೆ.

ಈಗ ರಾಷ್ಟ್ರಗೀತೆಯ ವಿಷಯ. ಸಾಲಿನಲ್ಲಿ ನಿಲ್ಲುವಾಗ ಗೋಡೆಯ ಪಕ್ಕ ಯಾವಾಗಲೂ ನಾನೇ. ಗೀತೆ ಶುರುವಾದಾಗ ಅವನ ಮಣಿಕಟ್ಟು ಹಿಡಿದು, ತಾಳಕ್ಕೆ ಸರಿಯಾಗಿ ಬೆರಳಿನಲ್ಲಿ ತಟ್ಟುತ್ತಾ ಹೋಗುತ್ತೇನೆ. ಹಾಡು ಎಲ್ಲಿಗೆ ಬಂತು ಎಂದು ಅವನಿಗೆ ಗೊತ್ತಾಗುವುದು ಹಾಗೆ. ಮುಗಿದಾಗ ಎರಡು ಸಲ ಒತ್ತುತ್ತೇನೆ. ಸಾಲುಗಳನ್ನು ನನ್ನ ಕೈಯಲ್ಲೇ ಕಾಗದದ ಮೇಲೆ ಬರೆಸಿಕೊಂಡು ಬಾಯಿಪಾಠ ಮಾಡಿದ್ದಾನೆ. ತುಟಿ ಆಡಿಸುತ್ತಾ ಪೂರ್ತಿ ಹಾಡುತ್ತಾನೆ. ಬರೆದುಕೊಟ್ಟ ನನಗೇ ಮಧ್ಯದ ಸಾಲುಗಳು ಇವತ್ತಿಗೂ ನೆಟ್ಟಗೆ ಬರುವುದಿಲ್ಲ. ನಮ್ಮ ತಂಡದಲ್ಲಿ ಆ ಗೀತೆಗೆ ಕಂಬದ ಹಾಗೆ ನಿಲ್ಲುವವನು ಯಾರಾದರೂ ಇದ್ದರೆ ಅದು ಅವನು. ನೀವು ಆರಿಸಿ ಆರಿಸಿ ಅವನನ್ನೇ ಹಿಡಿದಿದ್ದೀರಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ನಾವು ಯಾಕೆ ಮಂಡಿಯೂರಿದೆವು ಎಂದು ನಿಮ್ಮ ಹನ್ನೊಂದು ಪುಟದ ಆದೇಶದಲ್ಲಿ ಒಂದು ಸಾಲೂ ಇಲ್ಲ. ನಾನು ಹೇಳುತ್ತೇನೆ.

ನಮ್ಮ ಜೆರ್ಸಿಗಳನ್ನು ಒಗೆದು ಇಸ್ತ್ರಿ ಮಾಡಿ ತರುತ್ತಿದ್ದವರು ಒಬ್ಬರಿದ್ದರು. ಇಸ್ತ್ರಿಯಣ್ಣ ಎನ್ನುತ್ತಿದ್ದೆವು. ಒಂಬತ್ತು ವರ್ಷದಿಂದ ಅವರದೇ ಕೈ. ನಾವು ಮಂಡಿಯೂರಿದ ಮ್ಯಾಚಿನ ವಾರ, ಒಂದು ಬೆಳಿಗ್ಗೆ, ಹದಿನಾರು ಜೆರ್ಸಿಯ ಗಂಟನ್ನು ಸೈಕಲ್ಲಿಗೆ ಕಟ್ಟಿಕೊಂಡು ಬರುತ್ತಿದ್ದಾಗ ಪೊಲೀಸರು ನಿಲ್ಲಿಸಿದರು. ಯಾರ ಬಟ್ಟೆ ಎಂದರು. ಟೀಮಿನದು ಎಂದರು ಅಣ್ಣ. ನಿನ್ನಂಥವನ ಕೈಗೆ ಯಾವ ಟೀಮು ಬಟ್ಟೆ ಕೊಡುತ್ತದೆ ಎಂದರಂತೆ. ಪಕ್ಕದ ಬೀಡಾ ಅಂಗಡಿಯವನು ಕೇಳಿಸಿಕೊಂಡದ್ದು ಇಷ್ಟು. ಅಣ್ಣ ಕೋಚ್‌ಗೆ ಫೋನ್ ಮಾಡಿದ್ದಾರೆ. ಕೋಚ್ ನಮಗೆ ಓಟ ಹೇಳಿಕೊಡುತ್ತಿದ್ದರು, ಫೋನ್ ಬ್ಯಾಗಿನಲ್ಲಿತ್ತು. ಅಣ್ಣನನ್ನು ಠಾಣೆಗೆ ಒಯ್ದರು. ಮೂರನೇ ದಿನ ಹೆಣ ಕೊಟ್ಟರು. ಹೃದಯಾಘಾತ ಎಂದು ಬರೆದಿತ್ತು. ಮೈ ತೊಳೆದದ್ದು ಅವರ ಹೆಂಡತಿ. ಅಂಗಾಲಿನ ಬಾಸುಂಡೆ ನೋಡಿದವರು ಅವರು. ಹೃದಯ ಅಂಗಾಲಿನಲ್ಲಿ ಇರುತ್ತದೆಯೇ ಎಂದು ನನ್ನನ್ನು ಕೇಳಿದರು. ನಿಮಗೆ ಗೊತ್ತಿದ್ದರೆ ನೀವು ಹೇಳಿ.

ಜೆರ್ಸಿಗಳು ಶುಕ್ರವಾರ ಠಾಣೆಯಿಂದ ವಾಪಸ್ ಬಂದವು. ಅದೇ ಗಂಟು. ಬಿಚ್ಚಿ ಹುಡುಕಿ ಮತ್ತೆ ತುರುಕಿದ್ದರು, ಮುದ್ದೆ ಮುದ್ದೆ. ಶನಿವಾರ ಮ್ಯಾಚು. ಅವನ್ನೇ ಹಾಕಿಕೊಂಡೆವು.

ಡ್ರೆಸ್ಸಿಂಗ್ ರೂಮಿನಲ್ಲಿ ಹತ್ತು ನಿಮಿಷ ಇತ್ತು. ಮೊದಲೇ ಯಾರೂ ಏನೂ ತೀರ್ಮಾನ ಮಾಡಿರಲಿಲ್ಲ. ಮಿಡ್‌ಫೀಲ್ಡಿನವನು ತನ್ನ ಜೆರ್ಸಿಯ ಸುಕ್ಕನ್ನು ಅಂಗೈಯಲ್ಲಿ ತೀಡುತ್ತಾ ಕೂತಿದ್ದ. ಇದ್ದಕ್ಕಿದ್ದ ಹಾಗೆ ಹೇಳಿದ:

"ನಂಗೆ ಇವತ್ತು ನಿಂತ್ಕೊಳ್ಳೋಕಾಗಲ್ಲ ಕಣ್ರೋ."

"ಹೊಟ್ಟೆ ಸರಿ ಇಲ್ವಾ?" ಎಂದ ಕ್ಯಾಪ್ಟನ್.

"ಹೊಟ್ಟೆ ಚೆನ್ನಾಗೇ ಇದೆ. ಗೀತೆ ಬಂದಾಗ ಮಂಡಿ ಊರ್ತೀನಿ. ಯಾರು ಬರ್ತೀರೋ ಬನ್ನಿ."

"ತಲೆ ಕೆಟ್ಟಿದೆಯೇನೋ ನಿಂಗೆ? ಟೀಮನ್ನೇ ಲೀಗಿನಿಂದ ಎತ್ತಂಗಡಿ ಮಾಡ್ತಾರೆ."

"ನಿನ್ನ ಮೈ ಮೇಲಿರೋದು ಯಾರು ಒಗೆದ ಬಟ್ಟೆ ಹೇಳು ಮೊದ್ಲು."

ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡಿದರು. ಕೊನೆಗೆ ಕ್ಯಾಪ್ಟನ್ನೇ "ಆಯ್ತು, ಊರಿದ್ರೆ ಎಲ್ರೂ ಊರೋಣ, ಅರ್ಧಂಬರ್ಧ ಬೇಡ" ಎಂದ. ನಮ್ಮ ಗೋಡೆ ಮೂಲೆಯಲ್ಲಿ ಆ ಕಡೆ ಮುಖ ಮಾಡಿ ಬೆರಳಿಗೆ ಟೇಪ್ ಸುತ್ತುತ್ತಿದ್ದ. ಅವನಿಗೆ ವಿಷಯ ಮುಟ್ಟಿಸುವುದು ಯಾವತ್ತೂ ನನ್ನ ಕೆಲಸ. ಕ್ಯಾಪ್ಟನ್ ಅವನ ಪಕ್ಕ ಹೋಗಿ ಭುಜ ತಟ್ಟಿದ್ದನ್ನು ನೋಡಿದೆ. ಹೇಳಿದ ಎಂದುಕೊಂಡೆ. ಅವನು ತಟ್ಟಿದ್ದು ಬೇಗ ಹೊರಡು ಎಂದು. ಹನ್ನೊಂದು ಜನರ ತಂಡದಲ್ಲಿ ಹತ್ತು ಜನ, ಇನ್ನೊಬ್ಬ ಹೇಳಿರುತ್ತಾನೆ ಎಂದುಕೊಂಡು ಮೈದಾನಕ್ಕೆ ಇಳಿದೆವು.

ಗೀತೆ ಶುರುವಾಯಿತು. ನಾನು ಅವನ ಮಣಿಕಟ್ಟು ಹಿಡಿದು ತಟ್ಟಲು ಶುರು ಮಾಡಿದೆ, ಅಭ್ಯಾಸಬಲ. ಮೊದಲ ಸಾಲು ಮುಗಿಯುವ ಮೊದಲೇ ಮಂಡಿಯೂರಿದೆ. ಮೊದಲು ಊರಿದವನು ನಾನೇ. ಅವನಿಗೆ ಕಂಡದ್ದೇನು? ತನ್ನ ಕೈ ಹಿಡಿದಿದ್ದ ಹುಡುಗ ಕೆಳಗೆ ಕುಸಿದ. ಬಿಸಿಲಿಗೆ ತಲೆ ಸುತ್ತಿತು ಎಂದುಕೊಂಡು ತಾನೂ ಕೂತು ನನ್ನ ಹೆಗಲು ಹಿಡಿದುಕೊಂಡ. ಆ ಫೋಟೋ ಮರುದಿನ ಪೇಪರಿನಲ್ಲಿ ಬಂತು. ಉಳಿದವರು ತಲೆ ತಗ್ಗಿಸಿದ್ದಾರೆ. ಇವನೊಬ್ಬ ನನ್ನನ್ನು ತಬ್ಬಿಕೊಂಡು ಬಾಯಿ ತೆರೆದಿದ್ದಾನೆ. ಅವನು ನೀರು ತನ್ನಿ ಎನ್ನಲು ನೋಡುತ್ತಿದ್ದ. ನಿಮಗೆ ಅದು ಘೋಷಣೆಯಾಗಿ ಕಂಡಿತು. 'ಎಳೆಯ ಆಟಗಾರನನ್ನು ಬಲವಂತವಾಗಿ ಕೆಳಗೆ ಅದುಮುತ್ತಿರುವುದು ಛಾಯಾಚಿತ್ರದಲ್ಲಿ ಸ್ಪಷ್ಟ' ಎಂದು ಬರೆದಿದ್ದೀರಿ. ಬೀಳುತ್ತಿದ್ದವನನ್ನು ಹಿಡಿಯುವುದನ್ನು ನೀವು ಬಹುಶಃ ಎಲ್ಲೂ ಹತ್ತಿರದಿಂದ ನೋಡಿಲ್ಲ.

ಸೋಮವಾರ ನೋಟಿಸ್ ಬಂತು. ಮೊದಲ ಆರೋಪ, ಗೀತೆಗೆ ಅಗೌರವ. ಎರಡನೇ ಆರೋಪ, 'ತಂಡದ ಸಮವಸ್ತ್ರವು ಇಸ್ತ್ರಿಯಿಲ್ಲದೆ ಸುಕ್ಕುಗಟ್ಟಿದ್ದು ಲೀಗಿನ ಘನತೆಗೆ ಕುಂದು.' ಸ್ವಾಮಿ, ಇಸ್ತ್ರಿ ಮಾಡುವವರೇ ಸತ್ತಿದ್ದರು. ಅದಕ್ಕೇ ಕೂತದ್ದು.

ಬುಧವಾರ ಕೋಚ್ ನಿಮ್ಮ ಕಚೇರಿಯಿಂದ ಟೈಪ್ ಮಾಡಿ ಕಳಿಸಿದ ಕ್ಷಮಾಪಣೆ ಪತ್ರಗಳನ್ನು ತಂದರು. ವ್ಯಾನಿನ ಬಾನೆಟ್ಟಿನ ಮೇಲೆ ಇಟ್ಟು, "ಬೇಗ ಬೇಗ ಹಾಕ್ರಪ್ಪ, ಐದಕ್ಕೆ ಆಫೀಸ್ ಮುಚ್ಚುತ್ತೆ" ಎಂದರು. ಒಂದು ಪುಟ, ಸಣ್ಣ ಅಕ್ಷರ. ನನಗೆ ಓದಲು ಕಾಲು ಗಂಟೆ ಬೇಕು. ಎಲ್ಲರೂ ನೋಡುತ್ತಾ ನಿಂತಿರುವಾಗ ಬೆರಳಿಟ್ಟು ಓದಲು ನಾಚಿಕೆ. ಸಹಿ ಹಾಕಿದೆ. ಹತ್ತು ಜನವೂ ಹಾಕಿದೆವು. ಐದನೇ ಸಾಲಿನಲ್ಲಿ 'ಹಿರಿಯ ಆಟಗಾರರೊಬ್ಬರ ಪ್ರಚೋದನೆಗೆ ಒಳಗಾಗಿ' ಎಂದಿತ್ತು. ನಮ್ಮ ತಂಡದಲ್ಲಿ ಮೂವತ್ತು ದಾಟಿದವನು ಒಬ್ಬನೇ. ಅವನು ಅವತ್ತು ಪ್ರೆಸ್ಸಿನಲ್ಲಿದ್ದ. ನಮ್ಮ ಹತ್ತು ಸಹಿಯನ್ನು ಹತ್ತು ಸಾಕ್ಷಿ ಮಾಡಿಕೊಂಡು ನಮ್ಮನ್ನು ಬಿಟ್ಟಿರಿ. ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವವರ ಬಗ್ಗೆ ಕೇಳಿದ್ದೆ. ತಳ್ಳುವುದಕ್ಕೂ ಅವನ ಜೊತೆಗಾರರ ಕೈಯನ್ನೇ ಬಳಸುವವರನ್ನು ಈಗ ನೋಡಿದೆ.

ಆದೇಶ ಬಂದ ದಿನ ಅವನ ಮನೆಗೆ ಹೋದೆ. ಬಾಗಿಲು ತೆಗೆದವರು ಅವನ ಅಕ್ಕ. ಅವನ ಕೈಮಾತನ್ನು ಬಾಯಿಮಾತು ಮಾಡಿ ಹೇಳುವವರು ಅವರೇ.

"ಬಂದ್ಯಾ? ಬಾ. ನಿನ್ನ ಬಲವಂತವಾಗಿ ಅದುಮಿದೋನು ಒಳಗಿದಾನೆ."

"ಅಕ್ಕಾ, ನಾನು ಅದನ್ನ ಓದಿರ್ಲಿಲ್ಲ."

"ಓದೋಕೆ ಬರಲ್ವಾ ನಿಂಗೆ?"

"ಬರತ್ತೆ."

"ಮತ್ತೆ?"

"ವ್ಯಾನ್ ಕಾಯ್ತಾ ಇತ್ತು."

"ಸದ್ಯ, ವ್ಯಾನ್ ತಪ್ಪಲಿಲ್ವಲ್ಲ. ಅಷ್ಟಾದ್ರೂ ಆಯ್ತು."

ನಿಮ್ಮ ಫೋನ್ ವಿಚಾರಣೆಯ ಕತೆಯನ್ನೂ ಅಕ್ಕನೇ ಹೇಳಿದರು. "ಅವನಿಗೆ ಕೇಳಲ್ಲ, ನಾನು ಹೇಳ್ತೀನಿ ಅಂದೆ. ಮಧ್ಯೆ ಬೇರೆಯವರು ಬರೋ ಹಾಗಿಲ್ಲ, ಆಟಗಾರರ ಕೈಗೇ ಕೊಡಿ ಅಂದ್ರು. ಸರಿ ಅಂತ ಅವನ ಕಿವಿಗೆ ಇಟ್ಟೆ. ಏಳು ನಿಮಿಷ ಒಬ್ರೇ ಮಾತಾಡ್ಕೊಂಡ್ರು ಪಾಪ. ಇವನು ನನ್ನ ಮುಖ ನೋಡ್ಕೊಂಡು ಕೂತಿದ್ದ, ಏನಂತೆ ಏನಂತೆ ಅಂತ."

ಗೋಡೆ ಮಂಚದ ಮೇಲೆ ಕೂತಿದ್ದ. ನಾನು ಅಕ್ಕನ ಮೂಲಕ ಹೇಳಿದೆ: ನೀನು ನಮ್ಮ ಜೊತೆ ಸೇರಿ ಊರಿದ್ದಲ್ಲ, ನನಗೆ ಹುಷಾರಿಲ್ಲ ಅಂದುಕೊಂಡು ಕೂತೆ ಅಂತ ಬರೆದುಕೊಡು, ನಾನು ಸಾಕ್ಷಿ ಹೇಳುತ್ತೇನೆ, ಬಿಟ್ಟುಬಿಡುತ್ತಾರೆ. ಅವನು ಕೈ ಆಡಿಸಿದ. ಅಕ್ಕ ಅವನ ಕೈ ನೋಡುತ್ತಾ ಹೇಳಿದರು:

"ಇಸ್ತ್ರಿಯಣ್ಣನಿಗೋಸ್ಕರ ಕೂತಿದ್ದು ಅಂತ ಅವತ್ತು ಗೊತ್ತಿರ್ಲಿಲ್ಲ. ಈಗ ಗೊತ್ತು. ಗೊತ್ತಾದ ಮೇಲೆ, ತಪ್ಪಾಗಿ ಕೂತೆ ಅಂತ ಹೆಂಗೆ ಬರೀಲಿ? ಮೊದ್ಲೇ ಹೇಳಿದ್ರೆ ನಿನಗಿಂತ ಮುಂಚೆ ಕೂರ್ತಿದ್ದೆ. ನನಗ್ಯಾಕೆ ಹೇಳ್ಲಿಲ್ಲ?"

ಕೊನೆಯ ಮಾತನ್ನು ಅಕ್ಕ ಹೇಳುವ ಮೊದಲೇ ನನಗೆ ಅರ್ಥವಾಗಿತ್ತು.

ಹಾಗಾಗಿ ಈ ಪತ್ರ ಅವನ ಪರವಾಗಿ ಕ್ಷಮೆ ಕೇಳುವುದಕ್ಕಲ್ಲ. ನಡೆದದ್ದನ್ನೆಲ್ಲ ಬರೆಯಲು ಅವನು ಒಪ್ಪಿದ್ದಾನೆ, ಬೇಡಿಕೊಳ್ಳಲು ಒಪ್ಪಿಲ್ಲ. ಅವನಿಗೆ ಈಗ ಮೂವತ್ತಮೂರು. ಎರಡು ವರ್ಷ ಎಂದರೆ ಅವನಿಗೆ ಪೂರ್ತಿ ಮುಗಿದ ಹಾಗೆ. ಮೇಲ್ಮನವಿಗೆ ಇಪ್ಪತ್ತನೇ ತಾರೀಖು ಕೊನೆ. ಅಷ್ಟರೊಳಗೆ ಯಾರಾದರೂ ಒಬ್ಬರು ನಿಜ ಹೇಳಬೇಕಲ್ಲ.

ನೀವು ಈಗ ಹೊಸ ನಿಯಮ ಬೇರೆ ಮಾಡಿದ್ದೀರಿ. ಮೈದಾನದಲ್ಲಿ ಇರುವವರೆಲ್ಲ ನಿಲ್ಲತಕ್ಕದ್ದು, ನಿಲ್ಲಲು ಇಷ್ಟವಿಲ್ಲದವರು ಗೀತೆ ಮುಗಿಯುವವರೆಗೆ ರೂಮಿನಲ್ಲಿ ಇರತಕ್ಕದ್ದು. ಅಂದರೆ ಒಳಗೆ ಏನಿದ್ದರೂ ಪರವಾಗಿಲ್ಲ, ಕ್ಯಾಮೆರಾಗೆ ಕಾಣಬಾರದು. ಗೌರವ ಎಂದರೆ ಬಾಗಿಲು ಹಾಕಿಕೊಳ್ಳುವುದೇ? ಇಸ್ತ್ರಿಯಣ್ಣನನ್ನೂ ಒಂದು ರೂಮಿನಲ್ಲಿ ಕೂಡಿಹಾಕಿ ಬಾಗಿಲು ಮುಚ್ಚಿದ್ದರು. ಹೊರಗೆ ನಿಂತವರಿಗೆ ಏನೂ ಕಾಣಲಿಲ್ಲ, ಎಲ್ಲ ಶಿಸ್ತಾಗಿತ್ತು. ಇನ್ನೊಂದು ಮಾತು. ಸಾಲಿನಲ್ಲಿ ನಿಂತರೆ ನಮಗೆ ಎದುರಿಗೇ ಕಾಣುವುದು ಗಾಜು ಹಾಕಿದ ನಿಮ್ಮ ವಿಐಪಿ ಬಾಕ್ಸು. ಗೀತೆ ನಡೆಯುವಾಗ ಅಲ್ಲಿ ತಟ್ಟೆ ಹಿಡಿದು ಓಡಾಡುವವರನ್ನು, ಫೋನಿನಲ್ಲಿ ನಗುವವರನ್ನು ನಾಲ್ಕು ವರ್ಷದಿಂದ ನೋಡುತ್ತಿದ್ದೇನೆ. ಅವರಿಗೆ ಯಾವ ನಿಯಮ? ಕಿವಿ ಕೇಳುವವರು ಗೀತೆಯ ನಡುವೆ ತಿನ್ನುತ್ತಾರೆ. ಕೇಳಿಸದವನು ಬೆರಳಿನ ತಾಳ ಹಿಡಿದು ಹಾಡುತ್ತಾನೆ. ಅಗೌರವದ ನೋಟಿಸು ಅವನಿಗೆ.

ನನಗೆ ಬೇಕಾದದ್ದು ಇಷ್ಟು. ಮೂರನೇ ನಂಬರ್ ಜೆರ್ಸಿಯವನ ಕ್ಷಮಾಪಣೆ ಪತ್ರವನ್ನು ಫೈಲಿನಿಂದ ತೆಗೆದು ಹರಿಯಿರಿ. ಅದು ಸುಳ್ಳು, ನಾನು ವಾಪಸ್ ತೆಗೆದುಕೊಂಡಿದ್ದೇನೆ. ಪ್ರಚೋದಕ ಎಂಬ ಪದವನ್ನು ಅವನ ಮೇಲಿಂದ ಅಳಿಸಿ. ಅವನನ್ನು ಎದುರಿಗೆ ಕೂರಿಸಿಕೊಂಡು, ಪಕ್ಕದಲ್ಲಿ ಅಕ್ಕನನ್ನು ಕೂರಿಸಿ, ಮತ್ತೆ ವಿಚಾರಣೆ ಮಾಡಿ. ಅವನು ಏನು ಹೇಳುತ್ತಾನೋ ಅದನ್ನೇ ಬರೆದುಕೊಳ್ಳಿ, ಅದು ನಿಮಗೆ ಹಿಡಿಸದಿದ್ದರೂ. ಎರಡು ವರ್ಷದ ಶಿಕ್ಷೆ ಯಾರಿಗಾದರೂ ಕೊಡಲೇಬೇಕು ಎಂದಿದ್ದರೆ ಮೊದಲು ಊರಿದವನಿಗೆ ಕೊಡಿ. ಮುಗಿಸಿ ಬಂದಾಗ ನನಗೆ ಇಪ್ಪತ್ತಮೂರು.

ಬರುವ ಶನಿವಾರದ ಮ್ಯಾಚಿನ ಪಟ್ಟಿಯಲ್ಲಿ ನಾನಿದ್ದೇನೆ. ರೂಮಿನಲ್ಲಿ ಇರುವುದಿಲ್ಲ, ಹೊರಗೆ ಬರುತ್ತೇನೆ, ಮಂಡಿಯೂರುತ್ತೇನೆ. ಯಾರೂ ನನ್ನನ್ನು ಪ್ರಚೋದಿಸಿಲ್ಲ. ಕೋಚ್‌ಗೆ ಹೇಳಿದ್ದೇನೆ, ಬೈದರು. ಕ್ಯಾಪ್ಟನ್‌ಗೆ ಹೇಳಿದ್ದೇನೆ, ಯೋಚನೆ ಮಾಡುತ್ತೇನೆ ಎಂದ. ಅವರಿಬ್ಬರಿಗೂ ಮೊದಲು ಗೋಡೆಯ ಮನೆಗೆ ಹೋಗಿ, ಅವನ ಎದುರು ನಿಂತು, ಅವನಿಗೆ ಹೇಳಿ ಬಂದಿದ್ದೇನೆ.

ಇಂತಿ,
ನಿಮ್ಮ ದಾಖಲೆಯಲ್ಲಿ ಪಶ್ಚಾತ್ತಾಪಪಟ್ಟು ಸುಧಾರಿಸಿರುವ,
ಎಡಬದಿಯ ಡಿಫೆಂಡರ್