ಎಡಗಡೆಯ ಮಸುಕು

ಮಂಗಳವಾರ, ಮಾರ್ಚ್ 19

ಪ್ರೀತಿಯ ಪುಟ್ಟಿ,

ನಾಲ್ಕು ವಾರದಿಂದ ನೀನು ಫೋನ್ ಮಾಡ್ತಾನೇ ಇದ್ದೀಯ, ನಾನು "ಆಮೇಲೆ ಮಾತಾಡ್ತೀನಿ" ಅಂತ ಇಟ್ಟುಬಿಡ್ತಾನೇ ಇದ್ದೀನಿ. ಕೋಪ ಮಾಡ್ಕೋಬೇಡ ಕಣೇ. ನಿನ್ನ ದನಿ ಕೇಳಿದ ಕೂಡಲೇ, ಹೇಳಬೇಕು ಅಂದ್ಕೊಂಡಿದ್ದು ಒಳಗೇ ಉಳಿದುಬಿಡುತ್ತೆ. ನಿನ್ನೆ ನಿನ್ನ ಭಾವ, "ಎರಡು ಸಾಲು ಬರೆದಾದ್ರೂ ಹಾಕು ಮಾರಾಯ್ತಿ. ಅವಳು ಗಾಬರಿ ಬಿದ್ದು ಬಸ್ ಹತ್ತಿ ಬಂದ್ರೆ ಈ ಕೋಣೇಲಿ ಮೂರನೆಯವರಿಗೆ ಕಾಲು ಚಾಚೋಕೂ ಜಾಗ ಇಲ್ಲ" ಅಂದ್ರು. ಅದಕ್ಕೇ ಕೂತಿದ್ದೀನಿ.

ನಾವಿಬ್ಬರೂ ಚೆನ್ನಾಗಿದ್ದೀವಿ. ಮೈಮೇಲೆ ಒಂದು ಗೀರೂ ಇಲ್ಲ. ಭಾವನ ಜೊತೆ ಬಸ್ ಓಡಿಸ್ತಿದ್ದ ಗೆಳೆಯರೊಬ್ಬರ ಮನೆ ಹಿಂದೆ ಒಂದು ಕೋಣೆ ಇತ್ತು, ಅದರಲ್ಲಿದ್ದೀವಿ. ಒಲೆ, ಮಂಚ, ಒಂದು ಕಿಟಕಿ. ಅಷ್ಟು ಸಾಕು. ಆದ್ರೆ ನನಗೊಂದು ಹೊಸ ಚಟ ಅಂಟಿದೆ. ಎಲ್ಲಿಗೆ ಹೋದ್ರೂ ಮೊದಲು ಗೋಡೆ ಮುಟ್ಟಿ ನೋಡ್ತೀನಿ. ಬ್ಯಾಂಕಿನಲ್ಲಿ, ಅಂಗಡಿಯಲ್ಲಿ, ಆಸ್ಪತ್ರೆಯಲ್ಲಿ. ಬಾಗಿಲು ಸ್ವಲ್ಪ ಬಿಗಿಯಾಗಿ ಹಾಕಿದ್ರೂ ಎದೆ ಧಸಕ್ ಅನ್ನುತ್ತೆ. ಭಾವ ಮೊನ್ನೆ ಸೀನಿದ್ದಕ್ಕೆ ನಾನು ಮೆಟ್ಟಿಲಿಳಿದು ಅಂಗಳಕ್ಕೆ ಓಡಿಬಿಟ್ಟಿದ್ದೆ. "ನನ್ನ ಸೀನಿಗೆ ಇಷ್ಟು ಮರ್ಯಾದೆ ಯಾರೂ ಕೊಟ್ಟಿರಲಿಲ್ಲ" ಅಂತ ನಕ್ಕರು. ನಾನೂ ನಕ್ಕೆ. ಆದ್ರೆ ಒಳಗೆ ಬರೋ ಮುಂಚೆ ಮತ್ತೆ ಗೋಡೆ ಮುಟ್ಟಿ ನೋಡಿದೆ.

ನೀನು ಪೇಪರಿನಲ್ಲಿ ಓದಿದ್ದು ಅರ್ಧ. ಮೊದಲಿಂದ ಹೇಳ್ತೀನಿ, ಕೇಳು.

ನಮ್ಮ ಕಟ್ಟಡದ ಮೆಟ್ಟಿಲ ಪಕ್ಕದ ಗೋಡೆ ನೀನು ನೋಡಿದ್ದೀಯಲ್ಲ, ನೆಲಮಹಡಿಯಿಂದ ತಾರಸಿವರೆಗೆ ಒಂದೇ ಉದ್ದಕ್ಕೆ ಹೋಗಿದ್ದು. ಹೋದ ವರ್ಷದ ಕೊನೆಗೆ ಎರಡನೇ ಮಹಡಿಯ ಹತ್ತಿರ ಅದರಲ್ಲೊಂದು ಬಿರುಕು ಕಾಣಿಸ್ತು. ಮಾಲೀಕರು ಮೇಸ್ತ್ರಿ ಕಳಿಸಿ ಸಿಮೆಂಟ್ ಮೆತ್ತಿಸಿದ್ರು. ಎಂಟು ದಿನಕ್ಕೆ ಸಿಮೆಂಟಿನ ಮೇಲೇ ಬಿರುಕು ಬಂತು. ಹನ್ನೊಂದು ಮನೆಯವರೂ ಸೇರಿ ಗಲಾಟೆ ಮಾಡಿದ ಮೇಲೆ ಒಬ್ಬ ಇಂಜಿನಿಯರ್ ಬಂದ್ರು. ಮಾತಿಗೆ ಮುಂಚೆ "ನೋಡೋಣ", ಮಾತಾದ ಮೇಲೆ "ನೋಡೋಣ". ಭಾವ ಅವರಿಗೆ "ನೋಡೋಣ ಸಾಹೇಬರು" ಅಂತಾನೇ ಹೆಸರಿಟ್ರು. ಅವರು ಗೋಡೆ ತಟ್ಟಿ, "ಹಳೇ ಗಾರೆ ಬಿರುಕು ಬಿಟ್ಟಿರಬಹುದು. ಇಲ್ಲಿ ಫೋಟೋ ತೆಗೆಯೋರು ಯಾರಾದ್ರೂ ಇದ್ದಾರಾ? ಪ್ರತಿ ಭಾನುವಾರ ಒಂದೇ ಜಾಗದಿಂದ, ಒಂದೇ ಎತ್ತರದಿಂದ ಫೋಟೋ ತೆಗೆದು ಕಳಿಸಿ. ಬದಲಾದ್ರೆ ನೋಡೋಣ" ಅಂದ್ರು. ಎಲ್ಲರೂ ನನ್ನ ಕಡೆ ತಿರುಗಿದ್ರು. ಮೂವತ್ತು ವರ್ಷದಿಂದ ಗುರುತಿನ ಚೀಟಿಗೆ ಮುಖ ತೆಗೀತಿದ್ದವಳಿಗೆ ಈಗ ಗೋಡೆಯ ಮುಖ ತೆಗೆಯೋ ಕೆಲಸ.

ನಮ್ಮ ಮೆಟ್ಟಿಲ ತಿರುವು ನಾಲ್ಕೇ ಅಡಿ. ನನ್ನ ಸ್ಟುಡಿಯೋ ಲೆನ್ಸಿನಲ್ಲಿ ಗೋಡೆಯ ಒಂದು ತುಣುಕು ಬಿಟ್ರೆ ಏನೂ ಹಿಡಿಯೋದಿಲ್ಲ. ಅಗಲದ ಲೆನ್ಸ್ ಬೇಕಿತ್ತು. ಮದುವೆ ಫೋಟೋ ತೆಗೆಯೋದು ಬಿಟ್ಟ ಒಬ್ಬರ ಹತ್ತಿರ ಹಳೇದೊಂದು ಸಿಕ್ತು. "ನನ್ನ ಮಗು ಇದ್ದ ಹಾಗೆ ನೋಡ್ಕೊಂಡಿದ್ದೀನಿ" ಅಂದ್ರು. ಮಗು ಎಲ್ಲೋ ಒಂದ್ಸಲ ತೊಟ್ಟಿಲಿಂದ ಬಿದ್ದಿತ್ತು ಅನ್ನೋದು ಆಮೇಲೆ ಗೊತ್ತಾಯ್ತು.

ಜನವರಿ ಮೂರನೇ ಭಾನುವಾರದ ಫೋಟೋ ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿದೆ. ಬಲಗಡೆ ಒಂದೊಂದು ಮರಳಿನ ಕಣವೂ ಎಣಿಸೋ ಹಾಗಿತ್ತು. ಎಡಗಡೆ, ಸರಿಯಾಗಿ ಬಿರುಕು ಇರೋ ಕಡೆ, ಕಣ್ಣೀರು ತುಂಬಿಕೊಂಡು ನೋಡಿದ ಹಾಗೆ ಮಸುಕು. ಕೈ ಅಲುಗಿರಬೇಕು ಅಂತ ಸ್ಟ್ಯಾಂಡ್ ಹಾಕಿ, ಗುಂಡಿ ಮುಟ್ಟದೆ ಟೈಮರಿನಲ್ಲಿ ತೆಗೆದೆ. ಮಸುಕೇ. ಗಾಜು ಒರೆಸಿದೆ. ಮಸುಕೇ. ಸ್ಟುಡಿಯೋದಲ್ಲಿರೋ ಹಳೇ ಕ್ಯಾಮೆರಾಗೆ ಅದೇ ಲೆನ್ಸ್ ಸಿಕ್ಕಿಸಿ ನೋಡಿದೆ, ಅಲ್ಲೂ ಹಾಗೇ. ಕೊನೆಗೆ ಒಂದು ನ್ಯೂಸ್ ಪೇಪರ್ ಹಾಳೆಯನ್ನ ಸ್ಟುಡಿಯೋ ಗೋಡೆಗೆ ಅಂಟಿಸಿ ನೇರ ಎದುರಿಗೆ ನಿಂತು ತೆಗೆದೆ. ಬಲಗಡೆಯ ಸಣ್ಣ ಅಕ್ಷರವೂ ಓದಬಹುದಿತ್ತು. ಎಡಗಡೆ ತಲೆಬರಹವೇ ನೀರು ಬಿದ್ದ ಶಾಯಿಯ ಹಾಗೆ.

ಅವತ್ತು ನನಗೆಷ್ಟು ಸಮಾಧಾನ ಆಯ್ತು ಗೊತ್ತಾ? ದೋಷ ಲೆನ್ಸಿನದು! ಭಾವನಿಗೆ ಓಡಿ ಹೋಗಿ ಹೇಳಿದೆ. ಮುಂದಿನ ವಾರದ ಫೋಟೋದಲ್ಲಿ ಗೋಡೆಯ ಅಂಚು ಸ್ವಲ್ಪ ಹೊಟ್ಟೆ ಬಿಟ್ಟ ಹಾಗೆ ಕಂಡಾಗಲೂ ಅದನ್ನೇ ಹೇಳಿದೆ. ಅಗಲದ ಲೆನ್ಸು ಅಂಚಿನ ಗೆರೆಯನ್ನ ಬಗ್ಗಿಸುತ್ತೆ, ಅದು ಎಲ್ಲ ಫೋಟೋಗ್ರಾಫರಿಗೂ ಗೊತ್ತು. ನೋಡೋಣ ಸಾಹೇಬರಿಗೆ "ಲೆನ್ಸಿನ ದೋಷ, ಎಡಗಡೆ ನಂಬಬೇಡಿ" ಅಂತ ಬರೆದು ಕಳಿಸಿದೆ. ಅವರು ಹೆಬ್ಬೆರಳು ಎತ್ತಿದ ಚಿತ್ರ ಕಳಿಸಿದ್ರು.

ಆದ್ರೆ ಪುಟ್ಟಿ, ಮನೆ ಬೇರೆ ಏನೋ ಹೇಳ್ತಿತ್ತು. ಮೂರನೇ ಮೆಟ್ಟಿಲ ಮೇಲೆ ದಿನಾ ಬೆಳಿಗ್ಗೆ ಬೆರಳ ತುದಿಯಷ್ಟು ಪುಡಿ ಬಿದ್ದಿರ್ತಿತ್ತು. ಗುಡಿಸಿದ್ರೆ ಮಾರನೇ ದಿನ ಮತ್ತೆ. ನಮ್ಮ ಸ್ನಾನದಮನೆ ಬಾಗಿಲು ಚೌಕಟ್ಟಿಗೆ ಸಿಕ್ಕಿಕೊಳ್ಳೋಕೆ ಶುರುವಾಯ್ತು. ಭಾವ ಭುಜ ಕೊಟ್ಟು ತಳ್ಳಿ, "ನಾನು ದಪ್ಪ ಆದ್ನಾ, ಬಾಗಿಲು ದಪ್ಪ ಆಯ್ತಾ?" ಅಂತಿದ್ರು. ನನಗೆ ನಗು ಬರ್ತಿರಲಿಲ್ಲ. ಮೆಟ್ಟಿಲು ಹತ್ತುವಾಗ ಗೊತ್ತಿಲ್ಲದೆ ಗೋಡೆ ಕಡೆಯಿಂದ ಸರಿದು, ಕಂಬಿ ಹಿಡಿದು ಹತ್ತುತ್ತಿದ್ದೆ. ಹೆಜ್ಜೆಯನ್ನೂ ಮೆಲ್ಲಗೆ ಇಡ್ತಿದ್ದೆ, ಮಲಗಿದ ನಾಯಿಯ ಪಕ್ಕ ಹಾದು ಹೋಗೋ ಹಾಗೆ.

ಫೆಬ್ರವರಿ ಹದಿನೇಳು, ಶನಿವಾರ, ಲೆನ್ಸನ್ನ ಗಡಿಯಾರದಜ್ಜಿ ಹತ್ತಿರ ತಗೊಂಡು ಹೋದೆ. ಎಪ್ಪತ್ತು ದಾಟಿದ ಹೆಂಗಸು, ಗಡಿಯಾರ ರಿಪೇರಿ ಅಂಗಡಿ, ಲೆನ್ಸೂ ಬಿಚ್ಚುತ್ತಾರೆ. ಕಣ್ಣಿಗೆ ಭೂತಗಾಜು ಸಿಕ್ಕಿಸಿಕೊಂಡು, ಮುಂದಿನ ಉಂಗುರ ಬಿಚ್ಚಿ, ಚಿಮಟದಲ್ಲಿ ಮೆಲ್ಲಗೆ ತಟ್ಟಿದ್ರು. ಒಳಗಿನ ಒಂದು ಗಾಜು ಕಟಕಟ ಅಂತು.

"ಇದು ಬಿದ್ದಿದೆ. ಈ ಗಾಜು ವಾರೆಯಾಗಿ ಕೂತಿದೆ. ಅದಕ್ಕೇ ಒಂದು ಕಡೆ ಮಸುಕು."

"ಹಾಗಾದ್ರೆ ಗೆರೆ ಬಗ್ಗೋದೂ ಇದರಿಂದಲೇ ಅಲ್ವಾ?" ಅಂದೆ. ಹೌದು ಅನ್ನಲಿ ದೇವರೇ ಅಂತ ಕಾಯ್ತಾ ಇದ್ದೆ.

ಅವರು ಭೂತಗಾಜು ತೆಗೆದು ನನ್ನ ಮುಖ ನೋಡಿದ್ರು. "ಕ್ಯಾಮೆರಾನ ತಲೆಕೆಳಗೆ ಮಾಡಿ ತೆಗೆದು ನೋಡಿದ್ದೀಯಾ?"

"ಇಲ್ಲ" ಅಂದೆ.

"ನೋಡು. ದೋಷ ಲೆನ್ಸಿನದಾದ್ರೆ ಕ್ಯಾಮೆರಾ ತಿರುಗಿಸಿದಾಗ ಅದೂ ತಿರುಗುತ್ತೆ, ಎಡಗಡೆ ಇದ್ದದ್ದು ಬಲಗಡೆಗೆ ಬರುತ್ತೆ. ಅಲ್ಲೇ ಉಳಿದ್ರೆ ಅದು ಲೆನ್ಸಿನದಲ್ಲ, ಎದುರಿಗೆ ಇರೋದರದ್ದು. ಎರಡು ಕಾಯಿಲೆ ಒಟ್ಟಿಗೆ ಇದ್ರೆ ಸಣ್ಣದು ದೊಡ್ಡದನ್ನ ಮುಚ್ಚಿಡುತ್ತೆ, ತಿಳೀತಾ?"

ಅರ್ಧ ದಿನ ಕೂತು ಗಾಜು ನೇರ ಮಾಡಿ ಕೊಟ್ರು. ಬರುವಾಗ ಬಸ್ಸಿನಲ್ಲಿ ಆ ಪೊಟ್ಟಣವನ್ನ ಮಡಿಲಲ್ಲಿ ಹಿಡಿದುಕೊಂಡು ಕೂತಿದ್ದೆ. ಮನೆ ಸ್ಟಾಪ್ ಬಂದ್ರೂ ಇಳಿಯೋಕೆ ಮನಸ್ಸಾಗದೆ ಇನ್ನೂ ಎರಡು ಸ್ಟಾಪ್ ಮುಂದೆ ಹೋಗಿಬಿಟ್ಟೆ.

ಮಾರನೇ ದಿನ ಭಾನುವಾರ. ಒಂದು ಫೋಟೋ ನೇರವಾಗಿ, ಒಂದು ತಲೆಕೆಳಗಾಗಿ. ಮಸುಕು ಪೂರ್ತಿ ಹೋಗಿತ್ತು. ಎಡಗಡೆಯ ಬಿರುಕು ಮೊದಲ ಸಲ ಸ್ಪಷ್ಟವಾಗಿ ಕಾಣಿಸ್ತು, ಕಾಣದಿದ್ರೇ ಚೆನ್ನಾಗಿತ್ತು. ಒಳಗಿನ ಇಟ್ಟಿಗೆಯೇ ಸೀಳಿತ್ತು, ಸೀಳಿದ ಒಳಮೈ ಹಸಿ ಗಾಯದ ಹಾಗೆ ಕೆಂಪಗಿತ್ತು. ಗೋಡೆಯ ಹೊಟ್ಟೆ ಎರಡೂ ಫೋಟೋದಲ್ಲಿ ಇದ್ದಲ್ಲೇ ಇತ್ತು. ಆ ಗೋಡೆಯಿಂದ ನಾನು ಎರಡು ಅಡಿ ದೂರದಲ್ಲಿದ್ದೆ.

ನೋಡೋಣ ಸಾಹೇಬರಿಗೆ ಫೋನ್ ಮಾಡಿದೆ. "ಭಾನುವಾರ ಅಲ್ವಾ, ನಾಳೆ ಬಂದು ನೋ..." ಅನ್ನುವಷ್ಟರಲ್ಲಿ ನಾನು ಕಿರುಚಿದೆ. ಏನಂತ ಕಿರುಚಿದೆನೋ ನೆನಪಿಲ್ಲ. ನಾನು ಕಳಿಸಿದ ಫೋಟೋ ನೋಡಿದ ಮೇಲೆ ಅವರೇ ತಿರುಗಿ ಫೋನ್ ಮಾಡಿದ್ರು, ದನಿ ಬೇರೆಯಾಗಿತ್ತು. "ಎಲ್ಲರನ್ನೂ ಹೊರಗೆ ಕಳಿಸಿ. ಈಗಲೇ. ಮೆಟ್ಟಿಲ ಮೇಲೆ ಒಬ್ಬೊಬ್ಬರೇ ಇಳೀಲಿ."

ನಮ್ಮದು ಬಿಟ್ಟು ಹತ್ತು ಬಾಗಿಲು ತಟ್ಟಿದೆ ಕಣೇ. ಒಬ್ಬರು ಊಟ ಮುಗಿಸಿ ಬರ್ತೀವಿ ಅಂದ್ರು. ಒಬ್ಬರು ಮಗೂಗೆ ಈಗ ತಾನೇ ನಿದ್ದೆ ಬಂತು ಅಂದ್ರು. "ಎತ್ಕೊಂಡು ಬನ್ನಿ, ಬೈದ್ರೆ ನನ್ನನ್ನ ಬೈಲಿ" ಅಂದೆ. ಭಾವ ಕೆಳಗೆ ನಿಂತು, ಬಸ್ಸಿನಿಂದ ಇಳಿಸೋ ಹಾಗೆ "ಒಬ್ಬೊಬ್ರೇ, ಒಬ್ಬೊಬ್ರೇ, ತಳ್ಳಬೇಡಿ" ಅಂತ ಇಳಿಸಿಕೊಂಡ್ರು. ಮೂರೂವರೆಗೆ ಎಲ್ಲರೂ ರಸ್ತೆಯಾಚೆ ನಿಂತಿದ್ದರು. ತಲೆ ಎಣಿಸಿದೆ, ಮೂವತ್ತೆಂಟು, ಸರಿಯಾಗಿತ್ತು.

ಎರಡನೇ ಮಹಡಿಯ ಟೈಲರಕ್ಕ ನಿನಗೆ ನೆನಪಿರಬೇಕು. ನಿನ್ನ ರವಿಕೆಗೆ ಜೇಬು ಹೊಲಿದುಕೊಟ್ಟು, "ಗಂಡನಿಗೆ ಹೇಳಬೇಡಿ" ಅಂದವಳು. ಒಂಟಿ ಹೆಂಗಸು, ನಗ್ತಾನೇ ಇರ್ತಿದ್ಲು. ನಾಲ್ಕು ಗಂಟೆ ದಾಟಿದ ಮೇಲೂ ಗೋಡೆ ಹಾಗೇ ನಿಂತಿದ್ದು ನೋಡಿ ಜನ ಗೊಣಗೋಕೆ ಶುರು ಮಾಡಿದ್ರು. ಅವಳು, "ಮೇಷ್ಟ್ರ ಮಗಳ ಬಟ್ಟೆ ನಾಳೆ ಕೊಡಬೇಕು, ಬೇರೆಯವರ ವಸ್ತು, ಎರಡು ನಿಮಿಷ" ಅಂತ ಯಾರಿಗೋ ಹೇಳಿ ಹಿಂಬದಿಯಿಂದ ಒಳಗೆ ಹೋದಳಂತೆ. ನಾನು ನೋಡಲಿಲ್ಲ. ನೋಡೋಣ ಸಾಹೇಬರ ಕಾರು ಬರ್ತಾ ಇತ್ತು, ಆ ಕಡೆ ತಿರುಗಿದ್ದೆ.

ನಾಲ್ಕೂಕಾಲು ಗಂಟೆಗೆ ಗೋಡೆ ಬಿತ್ತು. ದೊಡ್ಡ ಸದ್ದೇನೂ ಇಲ್ಲ. ಲಾರಿಯಿಂದ ಜಲ್ಲಿ ಸುರಿದ ಹಾಗೆ, ಅಷ್ಟೇ. ಆಮೇಲೆ ಧೂಳು.

ಎರಡು ಗಂಟೆ ಹೊತ್ತು ಇಟ್ಟಿಗೆ ಮಣ್ಣು ಸರಿಸಿ ಅವಳನ್ನ ಹೊರಗೆ ತೆಗೆದ್ರು. ಜೀವ ಉಳೀತು ಪುಟ್ಟಿ. ಸೊಂಟದ ಮೂಳೆ ಮುರಿದಿದೆ, ಕೂಡುತ್ತೆ ಅಂತಾರೆ ಡಾಕ್ಟರು. ಬಲಗೈಯ ಎರಡು ಬೆರಳು ಹೋಯ್ತು, ಹೆಬ್ಬೆರಳೂ ಅದರ ಪಕ್ಕದ್ದೂ. ಕತ್ತರಿ ಹಿಡಿಯೋ ಬೆರಳುಗಳು.

ಹೋದ ವಾರ ನಾವೆಲ್ಲ ನೋಡೋಕೆ ಹೋದಾಗ ಅವಳು ಎಲ್ಲರೆದುರಿಗೂ ನನ್ನ ಕೈ ಹಿಡಿದು, "ಇವರು ಬಾಗಿಲು ತಟ್ಟದೆ ಇದ್ದಿದ್ರೆ ಮೂವತ್ತೆಂಟು ಹೆಣ ಎತ್ತಬೇಕಿತ್ತು. ನನ್ನದು ನನ್ನದೇ ತಪ್ಪು, ಹೇಳಿದ ಮಾತು ಕೇಳಲಿಲ್ಲ" ಅಂದಳು. ಪೇಪರಿನವರು ಬರೆದಿದ್ದು ಅದನ್ನೇ. ನೀನು ಅದನ್ನ ಕತ್ತರಿಸಿ ಇಟ್ಟುಕೊಂಡಿದ್ದೀಯ, ಮಕ್ಕಳ ಕೈಲಿ ಓದಿಸಿದೆ ಅಂತ ಮೆಸೇಜ್ ಹಾಕಿದ್ದೀಯ. ಓದಿದೆ.

ನೀನು ಹುಷಾರು. ಮೊಣಕಾಲಿಗೆ ಎಣ್ಣೆ ಹಚ್ಚೋದು ಬಿಡಬೇಡ. ದೊಡ್ಡವನಿಗೆ ಪರೀಕ್ಷೆ ಹತ್ತಿರ ಬಂತು, ಬೈಯಬೇಡ, ಹೆದರಿಸಿದ್ರೆ ಓದಿದ್ದೂ ಮರೆತುಹೋಗುತ್ತೆ. ಚಿಕ್ಕವಳಿಗೆ ಎರಡು ಮುತ್ತು. ನಿಮ್ಮ ಸೂರು ಗಟ್ಟಿಯಾಗಿರಲಿ, ನಿಮ್ಮೆಲ್ಲರ ತಲೆ ಮೇಲೆ ಒಳ್ಳೇದೊಂದೇ ಬೀಳಲಿ.

ನಿನ್ನ
ಅಕ್ಕ

ಮರೆತ ಮಾತು: ಮರೆತಿದ್ದಲ್ಲ. ಬರೆಯೋಕಾಗದೆ ಬಿಟ್ಟಿದ್ದು. ನೀನು ಓದುವಾಗಲೇ ಹಿಡಿದಿರ್ತೀಯ, ಅಪ್ಪನ ಸ್ಟುಡಿಯೋದಲ್ಲಿ ನಾವಿಬ್ಬರೂ ಕಲಿತ ಮೊದಲನೇ ಪಾಠವೇ ಅದಲ್ವಾ, ಅನುಮಾನ ಬಂದ್ರೆ ಕ್ಯಾಮೆರಾ ತಲೆಕೆಳಗೆ ಮಾಡು ಅನ್ನೋದು. ಗಡಿಯಾರದಜ್ಜಿ ಹೇಳಿಕೊಡಬೇಕಿರಲಿಲ್ಲ. ಅವರಿಗೆ "ಇಲ್ಲ" ಅಂದಿದ್ದು ಸುಳ್ಳು. ಎರಡು ವಾರ ಮುಂಚೆ, ಫೆಬ್ರವರಿ ನಾಲ್ಕರ ಬೆಳಿಗ್ಗೆ, ನಾನೇ ತಿರುಗಿಸಿ ತೆಗೆದಿದ್ದೆ. ಮಸುಕು ಬಲಗಡೆಗೆ ಬಂತು. ಗೋಡೆಯ ಹೊಟ್ಟೆ ಎಡಗಡೆಯೇ ನಿಂತಿತ್ತು. ನೋಡಿದೆ, ಅರ್ಥವಾಯ್ತು, ಆ ಒಂದು ಫೋಟೋ ಅಳಿಸಿಬಿಟ್ಟೆ. ಗೋಡೆ ಅಂತ ಬಾಯಿಬಿಟ್ಟು ಹೇಳಿದ್ರೆ ಆ ಕ್ಷಣವೇ ಬೀಳುತ್ತೆ ಅನ್ನೋ ಹಾಗೆ ಹೆದರಿದ್ದೆ. ಅವತ್ತೇ ಸಂಜೆ ಟೈಲರಕ್ಕ ಚೀಲ ಕಟ್ಟಿಕೊಂಡು ನಮ್ಮ ಬಾಗಿಲಿಗೆ ಬಂದಿದ್ಲು. "ನಮ್ಮಣ್ಣ ತನ್ನ ಮನೆಗೆ ಕರೀತಿದ್ದಾನೆ, ಹೊಲಿಗೆ ಮಿಷನ್ ಸಮೇತ ಬಾ ಅಂತ. ಹೋಗ್ಲಾ? ನೀವು ಹೇಳಿದ ಹಾಗೆ ಮಾಡ್ತೀನಿ" ಅಂದಳು. "ಲೆನ್ಸ್ ಕೆಟ್ಟಿದೆ, ಗೋಡೆ ಗಟ್ಟಿಯಾಗೇ ಇದೆ, ಸುಮ್ಮನೆ ಮಲಗು ಹೋಗು" ಅಂದೆ. ನಗ್ತಾ ಚೀಲ ಎತ್ತಿಕೊಂಡು ಕೆಳಗಿಳಿದಳು.

ನಿನ್ನೆ ಒಬ್ಬಳೇ ಆಸ್ಪತ್ರೆಗೆ ಹೋಗಿದ್ದೆ, ಹೇಳಿಬಿಡೋಣ ಅಂತ. ನಾನು ಬಾಯಿ ತೆಗೆಯೋ ಮುಂಚೆ ಅವಳೇ ಕಟ್ಟು ಹಾಕಿದ ಕೈ ನೋಡ್ತಾ ಕೇಳಿದಳು, "ಅವತ್ತು ನಾನು ಚೀಲ ತಂದಾಗ ನಿಮಗೇನೂ ಅನುಮಾನ ಇರಲಿಲ್ಲ, ಅಲ್ವಾ ಅಕ್ಕಾ?"

ನಾನು "ಲೆನ್ಸ್ ಕೆಟ್ಟಿತ್ತು" ಅಂದೆ.

"ಹೌದು, ಪಾಪ, ನಿಮಗಾದ್ರೂ ಹೇಗೆ ಗೊತ್ತಾಗಬೇಕು" ಅಂತ ಹೇಳಿ, ನನಗೆ ಕೂರೋಕೆ ಜಾಗ ಮಾಡಿಕೊಟ್ಟಳು.