ಗಂಟೆ ಹೊಡೆಯದ ಪ್ಯಾನಲ್

ಮಾರ್ಚ್ 4, ಮಂಗಳವಾರ

ಇವತ್ತೂ ಅದೇ ಕಥೆ. ಟೇಬಲ್ ಮೇಲೆ ಆಸ್ಪತ್ರೆಯ ಆಕ್ಸಿಜನ್ ಒತ್ತಡ ಇಳಿದ್ರೆ ಗಂಟೆ ಹೊಡೆಯೋ ಪ್ಯಾನಲ್, ಪಕ್ಕದಲ್ಲಿ ಲ್ಯಾಪ್‌ಟಾಪ್, ಮಧ್ಯೆ ನಾನು. ಒತ್ತಡ ಇಳಿಸ್ತೀನಿ — ಗಂಟೆ ಹೊಡೆಯುತ್ತೆ. ಏರಿಸ್ತೀನಿ — ನಿಲ್ಲುತ್ತೆ. ಒಂದು ಸಲವಾದ್ರೂ ತಪ್ಪಬಾರದಾ? ಹಾಳಾದ್ದು, ತಪ್ಪಲಿ ಅಂತ ಕಾದಾಗ ತಪ್ಪಲ್ಲ.

ಆದ್ರೆ ಗಂಟೆ ಹೊಡೀಲಿಲ್ಲ ಅಂತ ದೂರು ಕೊಟ್ಟ ಮಕ್ಕಳ ವಾರ್ಡಿನ ನರ್ಸ್ ಸುಮ್ಮಸುಮ್ಮನೆ ದೂರೋ ಹೆಂಗಸಲ್ಲ. ಮತ್ತೆ ಫೋನ್ ಮಾಡಿ ಕೇಳಿದೆ.

"ಮೇಡಂ, ಪರದೆ ಮೇಲೆ ಅಂಕಿ ಕೆಂಪಗಾಗಿತ್ತು. ಗಂಟೆ ಮಾತ್ರ ಹೊಡೀಲಿಲ್ಲ. ಏನೋ ಪುಣ್ಯ, ತಲೆ ಎತ್ತಿ ನೋಡಿದೆ. ಓಡಿಹೋಗಿ ಬೇರೆ ಸಿಲಿಂಡರ್ ಹಾಕಿದ್ವಿ."

"ಮಗು?"

"ಚೆನ್ನಾಗಿದೆ. ನಾನೇ ಈಗ ಪರದೆ ಮುಂದಿಂದ ಕದಲ್ತಿಲ್ಲ."

ಅಣ್ಣನಿಗೆ ಹೇಳಿದೆ. ಕಂಪನಿ ಅವನದು. ಈ ಪ್ಯಾನಲ್‌ನ ಮೊದಲ ಕೋಡ್ ಬರೆದವನೂ ಅವನೇ. "ಎಲ್ಲೋ ವೈರ್ ಸಡಿಲ ಆಗಿರುತ್ತೆ ಬಿಡೇ ಪುಟ್ಟಿ" ಅಂದ.

ವೈರ್ ಅಲ್ಲ. ನನ್ನ ಮನಸ್ಸು ಒಪ್ತಿಲ್ಲ.

ಮಾರ್ಚ್ 5, ಬುಧವಾರ

ಊಟದ ಹೊತ್ತಲ್ಲಿ ಅತ್ತಿಗೆ ಬಂದು ಪಕ್ಕ ಕೂತರು. ಆಸ್ಪತ್ರೆಗಳಿಂದ ಬರೋ ಫೋನ್‌ಗಳೆಲ್ಲ ಅವರ ಪಾಲಿಗೆ. "ಅದೇನೇ ಸೆಟ್ಟರ್ ಸೆಟ್ಟರ್ ಅಂತ ಗೊಣಗ್ತಿರ್ತೀಯ?"

"ಪ್ಯಾನಲ್ ಒಳಗೆ 'ಸ್ಥಿತಿ' ಅಂತ ಒಂದಿದೆ ಅತ್ತಿಗೆ. 'ಸರಿ' ಇಲ್ಲಾ 'ಕಡಿಮೆ'. ಅದನ್ನ ಬದಲಾಯಿಸೋರು ಸೆಟ್ಟರ್ ಮೂಲಕವೇ ಹೋಗ್ಬೇಕು. ಸೆಟ್ಟರ್ ಹಳೇದನ್ನೂ ಹೊಸದನ್ನೂ ಹೋಲಿಸಿ ನೋಡುತ್ತೆ. ಬದಲಾಗಿದ್ರೆ ಇವೆಂಟ್ ಕಳಿಸುತ್ತೆ — ಒಂಥರಾ ಕೂಗು. ಆ ಕೂಗು ಕೇಳಿದ್ರೇನೇ ಗಂಟೆ ಹೊಡೆಯೋದು."

"ಬದಲಾಗಿಲ್ಲ ಅಂದ್ರೆ?"

"ಬಾಯಿ ಮುಚ್ಕೊಂಡಿರುತ್ತೆ."

"ನಿಮ್ಮಣ್ಣನ ಥರ" ಅಂದ್ರು. ನಗು ತಡೆಯೋಕಾಗಲಿಲ್ಲ. ಈ ವಾರ ನಕ್ಕಿದ್ದು ಅದೊಂದೇ.

ಕೋಡ್ ಅಲ್ಲಲ್ಲೇ ನಿಲ್ಲೋ ಹಾಗೆ ಸೆಟ್ಟರ್ ಒಳಗೆ ಬ್ರೇಕ್‌ಪಾಯಿಂಟ್ ಇಟ್ಟು ಸಾಲುಸಾಲಾಗಿ ನೋಡಿದೆ. ಹೋಲಿಕೆ ಸರಿ. ಇವೆಂಟ್ ಸರಿ. ಕೇಳಿಸ್ಕೊಳ್ಳೋ ಕಡೆನೂ ಸರಿ. ಮತ್ತೆ ಎಲ್ಲಿ?

ಮಾರ್ಚ್ 7, ಶುಕ್ರವಾರ, ಮಧ್ಯಾಹ್ನ

ಸಿಕ್ಕಿತು! ಹುಡುಕಿ ಸಿಕ್ಕಿದ್ದಲ್ಲ.

ಒತ್ತಡ ಇಳಿಸಿಟ್ಟು ನೀರು ತರೋಕೆ ಹೋಗಿದ್ದೆ. ಗಂಟೆ ಬಡ್ಕೊಳ್ತಾನೇ ಇತ್ತು. ಫೋನಲ್ಲಿ ಮಾತಾಡ್ತಿದ್ದ ಅತ್ತಿಗೆ ಎದ್ದು ಬಂದು ಪ್ಲಗ್ಗೇ ಕಿತ್ತು ಹಾಕಿದ್ರು. "ಕಿವಿ ತೂತಾಯ್ತು ಮಾರಾಯ್ತಿ!" ನಾನು ವಾಪಸ್ ಸಿಕ್ಕಿಸಿದೆ. ಪರದೆ ಬಂತು. ಅಂಕಿ ಕೆಂಪು. ಗಂಟೆ — ಇಲ್ಲ.

ಕಾದೆ. ಇಲ್ಲ.

ಅತ್ತಿಗೆ "ಸದ್ಯ, ನಿಂತಿತಲ್ಲ" ಅಂದ್ರು. ನಾನು ಲ್ಯಾಪ್‌ಟಾಪ್ ಎಳ್ಕೊಂಡೆ.

ಕರೆಂಟ್ ಹೋಗಿ ಬಂದಾಗ ಓಡೋ ಕೋಡ್ ತೆಗೆದು ನೋಡಿದೆ. ಅಲ್ಲಿದೆ. ಆನ್ ಆಗ್ತಿದ್ದ ಹಾಗೇ ಅಳೆದ ಸ್ಥಿತಿಯನ್ನ ಸೆಟ್ಟರ್‌ಗೆ ಕೊಡದೆ, ಒಳಗೆ ಅದನ್ನ ಇಡೋ ವೇರಿಯಬಲ್‌ಗೇ ನೇರ ತುಂಬಿದ್ದಾರೆ. ಹಿತ್ತಿಲ ಬಾಗಿಲಿಂದ. 'ಕಡಿಮೆ' ಅಂತ ಒಳಗೆ ಆಗಲೇ ಕೂತಿರುತ್ತೆ. ಆಮೇಲೆ ಸೆಟ್ಟರ್‌ಗೆ ಮತ್ತೆ 'ಕಡಿಮೆ' ಬಂದ್ರೆ ಏನೂ ಬದಲಾಗಿಲ್ಲ ಅಂದ್ಕೊಳ್ಳುತ್ತೆ. ಪರದೆ ತನ್ನ ಪಾಡಿಗೆ ಕೆಂಪಗಿರುತ್ತೆ. ಗಂಟೆಗೆ ಸುದ್ದಿಯೇ ಇಲ್ಲ. ಮಕ್ಕಳ ವಾರ್ಡಲ್ಲೂ ಅವತ್ತು ಕರೆಂಟ್ ಹೋಗಿ ಬಂದಿರ್ಬೇಕು.

ಬರೆದದ್ದು ಅಣ್ಣ.

ಅದೇ ದಿನ, ಸಂಜೆ

ಅಣ್ಣನಿಗೆ ತೋರಿಸಿದೆ. ಆ ಸಾಲಿನ ಮೇಲೆ ಬೆರಳಿಟ್ಟ. "ಆಗ ಪ್ರತಿ ಸಲ ಆನ್ ಮಾಡಿದಾಗ ಎಲ್ಲಾ ಗಂಟೆ ಒಟ್ಟಿಗೆ ಹೊಡೀತಿತ್ತು ಕಣೇ. ರೋಗಿಗಳು ಬೆಚ್ಚಿ ಬೀಳ್ತಾರೆ ಅಂತ ನರ್ಸುಗಳು ಗೋಳಾಡ್ತಿದ್ರು. ಅದಕ್ಕೇ..."

"ಗೊತ್ತಾಯ್ತು. ಕೋಡ್ ಸರಿ ಮಾಡಿದೀನಿ. ಆದ್ರೆ ಪ್ರತಿ ಪ್ಯಾನಲ್‌ಗೂ ಅಲ್ಲೇ ಹೋಗಿ ಹಾಕ್ಬೇಕು, ವಾರಗಟ್ಟಲೆ ಹಿಡಿಯುತ್ತೆ. ಅಲ್ಲಿವರೆಗೆ ಎಲ್ಲರಿಗೂ ಫೋನ್ ಮಾಡಿ ಹೇಳೋಣ. ಕರೆಂಟ್ ಬಂದ ತಕ್ಷಣ ಪರದೆ ನೋಡಿ ಅಂತ."

"ಹುಚ್ಚಾ ನಿನಗೆ? ನಮ್ಮ ಗಂಟೆ ಹೊಡೆಯಲ್ಲ ಅಂತ ನಾವೇ ಡಂಗುರ ಹೊಡೀಬೇಕಾ? ಅಂಗಡಿ ಮುಚ್ಚಬೇಕಾಗುತ್ತೆ. ಸದ್ದಿಲ್ಲದೆ ಅಪ್‌ಡೇಟ್‌ನಲ್ಲಿ ಸೇರಿಸು."

"ಅಣ್ಣಾ, ಆ ಮಗು—"

"ಮಗು ಚೆನ್ನಾಗಿದೆ ಅಂದ್ಯಲ್ಲ!"

ಅಷ್ಟು ಜೋರಾಗಿ ಅವನು ನನ್ನ ಮೇಲೆ ಯಾವತ್ತೂ ಕೂಗಿರಲಿಲ್ಲ. ಯಾರಿಗೂ ಫೋನ್ ಮಾಡದೆ ಲ್ಯಾಪ್‌ಟಾಪ್ ಮುಚ್ಚಿದೆ. ಮನೆಗೆ ಬಂದೆ.

ಮಾರ್ಚ್ 11, ಮಂಗಳವಾರ

ಬರೆಯೋಕೆ ಮನಸ್ಸಾಗಲಿಲ್ಲ ಇಷ್ಟು ದಿನ. ಎಲ್ಲಿ ಲೈಟ್ ಮಿಣುಕಿದರೂ ಯಾವ ಆಸ್ಪತ್ರೆಲಿ ಕರೆಂಟ್ ಹೋಯ್ತೋ ಅನ್ನಿಸೋದು.

ಬೆಳಿಗ್ಗೆ ಅತ್ತಿಗೆಗೆ ಎಲ್ಲಾ ಹೇಳಿಬಿಟ್ಟೆ. ಪೂರ್ತಿ ಕೇಳಿದ್ರು. ಆಮೇಲೆ ತಮ್ಮ ಹೆಡ್‌ಫೋನ್ ತಲೆಗೇರಿಸಿಕೊಂಡು, "ದೊಡ್ಡಾಸ್ಪತ್ರೆಗಳು ನನಗಿರಲಿ. ಸಣ್ಣವಕ್ಕೆ ನೀನು ಮಾಡು" ಅಂದ್ರು.

"ಅಣ್ಣ?"

"ಮನೇಲಿ ನಾನು ನೋಡ್ಕೋತೀನಿ."

ಕೆಲವರು ಥ್ಯಾಂಕ್ಸ್ ಅಂದ್ರು. ಕೆಲವರು ಬಾಯಿಗೆ ಬಂದಂಗೆ ಬೈದ್ರು. ಬೈಸಿಕೊಂಡಾಗಲೇ ಸ್ವಲ್ಪ ಹಗುರ ಅನ್ನಿಸ್ತು. ಆಮೇಲೆ ಒಂದು ಸಣ್ಣ ನರ್ಸಿಂಗ್ ಹೋಂ. ಫೋನ್ ಎತ್ತಿದ್ದು ಅಲ್ಲಿನ ಮೇಂಟೆನೆನ್ಸ್‌ನವರು. ಹೇಳಿ ಮುಗಿಸಿದೆ.

"ಮೊನ್ನೆ ಭಾನುವಾರ ನಮ್ಮಲ್ಲಿ ಕರೆಂಟ್ ಹೋಗಿತ್ತು" ಅಂದ್ರು. "ಆಕ್ಸಿಜನ್ ಮೇಲಿದ್ದ ಒಬ್ರು ವಯಸ್ಸಾದವರು... ಗಂಟೆ ಹೊಡೀಲೇ ಇಲ್ಲ, ಅವರ ಮಗಳು ಕಿರುಚಿಕೊಂಡಾಗಲೇ ಗೊತ್ತಾಗಿದ್ದು. ಈಗ ಐಸಿಯುನಲ್ಲಿದ್ದಾರೆ." ಆಮೇಲೆ ಮೆಲ್ಲಗೆ, "ನಿಮಗೆ ಇದು ಯಾವತ್ತು ಗೊತ್ತಾಯ್ತು ಮೇಡಂ?"

ಅಣ್ಣ ಬಾಗಿಲಲ್ಲಿ ನಿಂತಿದ್ದ. ಯಾವಾಗ ಬಂದನೋ. ನನ್ನನ್ನೇ ನೋಡ್ತಿದ್ದ. ಇವತ್ತು ಅಂತ ಹೇಳಬಹುದಿತ್ತು.

"ಶುಕ್ರವಾರ" ಅಂದೆ.

ಅಣ್ಣ ಅಲ್ಲೇ ಕುರ್ಚಿ ಎಳೆದು ಕೂತ.

ಮಾರ್ಚ್ 12, ಬುಧವಾರ, ಕಾರಿನಲ್ಲಿ

ನರ್ಸಿಂಗ್ ಹೋಂ ಮುಂದೆ. ಅಣ್ಣ ಇಂಜಿನ್ ಆಫ್ ಮಾಡಿ ಸ್ಟಿಯರಿಂಗ್ ಹಿಡ್ಕೊಂಡೇ ಕೂತಿದಾನೆ. ಹಿಂದಿನ ಸೀಟಲ್ಲಿ ಹೊಸ ಪ್ಯಾನಲ್. ಐಸಿಯುನಲ್ಲಿರೋ ಆ ಹಿರಿಯರು ಬೆಳಿಗ್ಗೆ ಕಣ್ಣು ಬಿಟ್ಟರಂತೆ. ಮಾತು ಇನ್ನೂ ಬಂದಿಲ್ಲವಂತೆ. ಮಗಳು ನಮಗಾಗಿ ಕಾಯ್ತಿದ್ದಾಳಂತೆ.

ಅಗೋ, ಮೆಟ್ಟಿಲ ಮೇಲೆ. ಅವಳೇ ಇರ್ಬೇಕು. ನನ್ನಷ್ಟೇ ವಯಸ್ಸು.

ಅಣ್ಣ ಬಾಗಿಲು ತೆಗೆದ. "ನೀನು ಇಲ್ಲೇ ಇರು ಪುಟ್ಟಿ. ಬರೆದವನು ನಾನು, ಹೇಳಬೇಡ ಅಂದವನೂ ನಾನು."

ಸುಮ್ಮನಿದ್ದವಳು ನಾನಲ್ವಾ? ಇಲ್ಲ, ನಾನೂ ಬರ್ತೀನಿ ಅಂದೆ. ಡೈರಿ ಸೀಟಲ್ಲಿಟ್ಟು ಇಳೀತಿದೀನಿ.