ಫೋನಿನಲ್ಲಿ ಸತ್ತವಳು

ಕೌಲ್ ಬಜಾರ್, ಬಳ್ಳಾರಿ
ಶುಕ್ರವಾರ, 11 ಜುಲೈ 2025

ಯಜಮಾನರಿಗೆ,

ನಿಮ್ಮ ತೀರಿಹೋದ ಹೆಂಡತಿ ಹೊನ್ನೂರಮ್ಮ ಮಾಡುವ ನಮಸ್ಕಾರಗಳು.

ಮೊದಲು ನಿಮ್ಮ ಆರೋಗ್ಯ ಹೇಗಿದೆ ತಿಳಿಸಿ. ಕುಡತಿನಿಯ ಕಾರ್ಖಾನೆಯ ಬೂದಿ ನಿಮ್ಮ ಎದೆಗೆ ಆಗುವುದಿಲ್ಲ, ಮಲಗುವ ಮುಂಚೆ ಬಿಸಿನೀರು ಕುಡಿಯುತ್ತಿದ್ದೀರಾ? ಗುಟ್ಕಾ ಬಿಟ್ಟಿದ್ದೀರಾ? ಬಿಟ್ಟಿರುವುದಿಲ್ಲ, ನನಗೆ ಗೊತ್ತು. ಕನ್ನಡಿ ಮುಂದೆ ನಿಂತು ಬಾಯಿ ಅಗಲಿಸಿ ಮೂರು ಬೆರಳು ಒಂದರ ಮೇಲೊಂದು ಇಟ್ಟು ನೋಡಿ. ಹೋದರೆ ಸರಿ. ಎರಡೇ ಹೋದರೆ ತಡಮಾಡದೆ ಡಾಕ್ಟರಿಗೆ ತೋರಿಸಿ. ಪ್ರೀತಿ ಉಕ್ಕಿ ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ. ನೀವು ನೂರು ವರ್ಷ ಬದುಕಬೇಕು. ನಿಮಗಾಗಿ ನಾನು ಮಾಡಿಟ್ಟಿರುವುದನ್ನು ಅನುಭವಿಸಲು ನೀವೇ ಇಲ್ಲದಿದ್ದರೆ ಹೇಗೆ? ಈ ಕಾಗದವನ್ನು ಕುರುಗೋಡಿನ ನಿಮ್ಮ ಹೊಸ ಮನೆಗೆ ಹಾಕದೆ ಕಾರ್ಖಾನೆಯ ವಿಳಾಸಕ್ಕೆ ಹಾಕಿದ್ದೇನೆ. ಒಬ್ಬರೇ ಕೂತು ಓದಿ.

ನಾನು ಚೆನ್ನಾಗಿದ್ದೇನೆ. ಎಡಗೆನ್ನೆ ಒಳಕ್ಕೆ ಎಳೆದುಕೊಂಡೇ ಇದೆ, ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ತಿನ್ನುತ್ತೇನೆ, ಮಾತು ಸ್ವಲ್ಪ ತೊದಲುತ್ತದೆ. ಇಲ್ಲಿ ಜೀನ್ಸ್ ಪ್ಯಾಂಟು ಹೊಲಿಯುವ ಕಡೆ ಕೆಲಸ ಸಿಕ್ಕಿದೆ. ಮಷಿನ್ನುಗಳ ಸದ್ದಿನಲ್ಲಿ ಯಾರ ಮಾತೂ ಯಾರಿಗೂ ತಿಳಿಯುವುದಿಲ್ಲವಾದ್ದರಿಂದ ನನ್ನ ತೊದಲನ್ನು ಯಾರೂ ಆಡಿಕೊಳ್ಳುವುದಿಲ್ಲ. ಅವ್ವ ಸಿರಿಗೇರಿಯಲ್ಲೇ ಇದ್ದಾಳೆ, ಈಗ ಕೋಲು ಹಿಡಿದು ಓಡಾಡುತ್ತಾಳೆ. ಕೋಲು ನಡೆಯುವುದಕ್ಕೆ ಮಾತ್ರವಲ್ಲವಂತೆ, ನೀವು ಆ ಕಡೆ ಬಂದರೆ ಬೇಕಾಗುತ್ತದೆ ಎನ್ನುತ್ತಾಳೆ.

ಎರಡು ವರ್ಷದ ಹಿಂದಿನ ಮಾರ್ಚ್ ತಿಂಗಳು ನಿಮಗೆ ನೆನಪಿರಬೇಕು. ಕಡ್ಡಿಪುಡಿ ಒತ್ತಿಕೊಳ್ಳುತ್ತಿದ್ದ ಜಾಗದಲ್ಲೇ ನನ್ನ ಕೆನ್ನೆಯೊಳಗೆ ಹುಣ್ಣಾಗಿ, ಹುಣ್ಣು ಗಡ್ಡೆಯಾಗಿತ್ತು. ಆಸ್ಪತ್ರೆಯಲ್ಲಿ ಆಗ ಒಂದು ಸಂಶೋಧನೆ ನಡೆಯುತ್ತಿತ್ತು. ಕೆನ್ನೆಯ ಗಡ್ಡೆ ತೆಗೆಯುವಾಗಲೇ ಕೊರಳಿನ ಗಂಟುಗಳನ್ನೂ ತೆಗೆದುಬಿಡುವುದು ಒಳ್ಳೆಯದೋ, ಅಲ್ಲಿಗೂ ರೋಗ ಬಂದಾಗ ತೆಗೆದರೆ ಸಾಕೋ ಎಂದು ನೋಡುವುದು. ಆಪರೇಷನ್ ಮಾಡುವ ಡಾಕ್ಟರ್ ನೇತ್ರಾ ಕಾಗದದ ಮೇಲೆ ಚಿತ್ರ ಬರೆದು ತಿಳಿಸಿದರು. ಯಾರಿಗೆ ಯಾವುದು ಎಂದು ಕಂಪ್ಯೂಟರು ಚೀಟಿ ಎತ್ತಿದ ಹಾಗೆ ಹೇಳುತ್ತದೆ, ಆಮೇಲೆ ಐದು ವರ್ಷ ಒಬ್ಬೊಬ್ಬರನ್ನೂ ವಿಚಾರಿಸಿ, ಇದ್ದಾರೋ ಇಲ್ಲವೋ, ಗಡ್ಡೆ ಮರಳಿತೋ ಇಲ್ಲವೋ ಎಂದು ಬರೆದಿಡುತ್ತೇವೆ ಎಂದರು. ಒಪ್ಪಿದೆ. ನನ್ನ ಪಾಲಿಗೆ ಕೆನ್ನೆ, ಕೊರಳು ಎರಡೂ ಒಟ್ಟಿಗೆ ಎಂದು ಬಂತು. ಎದೆಯ ಮಾಂಸ ಚರ್ಮ ಮೇಲಕ್ಕೆಳೆದು ಕೆನ್ನೆಯ ತೂತಿಗೆ ಹೊಲಿದರು. ಫಾರಂನಲ್ಲಿ ಮನೆಯವರ ನಂಬರು ಎಂಬ ಜಾಗದಲ್ಲಿ ನೀವೇ ಕೈಯಾರೆ ಬರೆದಿರಿ: ಗಾದೆಪ್ಪ, ಗಂಡ. ನನ್ನ ಫೋನನ್ನೂ ನೀವೇ ಇಟ್ಟುಕೊಂಡಿರಿ. 'ನಿನಗ್ಯಾಕ ಫೋನು, ಮಾತಾಡಾಕ ಬಾಯೇ ಇಲ್ಲ' ಎಂದು ನಕ್ಕಿರಿ. ನಾನೂ ನಗಲು ನೋಡಿದೆ, ಹೊಲಿಗೆ ಎಳೆಯಿತು.

ಆರು ವಾರ ರೇಡಿಯೇಷನ್ ಕರೆಂಟು ಇಡಿಸಿಕೊಂಡು ಸಿರುಗುಪ್ಪದ ಮನೆಗೆ ಬಂದ ದಿನ ನೀವು ಆಡಿದ ಮಾತು ಇನ್ನೂ ಕಿವಿಯಲ್ಲಿದೆ. 'ಎದುರಿಗೆ ಕುಂತು ಉಣ್ಣಬ್ಯಾಡಲೇ, ನನಗ ಅನ್ನ ಇಳಿಯಾಂಗಿಲ್ಲ.' ವಾರ ಕಳೆಯುವುದರೊಳಗೆ ಸುಧಾರಿಸಿಕೊಂಡು ಬಾ ಎಂದು ಸಿರಿಗೇರಿಯಲ್ಲಿ ಇಳಿಸಿ, ಬೈಕಿನಿಂದ ಕೆಳಗೂ ಇಳಿಯದೆ ಹೋದಿರಿ. ಮೊದಲ ಎರಡು ಸಲ ಅವ್ವ ನನ್ನನ್ನು ತಪಾಸಣೆಗೆ ಕರೆದುಕೊಂಡು ಹೋದಳು. ಮೂರನೆಯ ಸಲದ ಹೊತ್ತಿಗೆ ಅವಳ ಕಾಲು ಮುರಿದಿತ್ತು, ಹೋಗಲಾಗಲಿಲ್ಲ. ಬಾರದಿದ್ದರೆ ಮನೆಯವರಿಗೆ ಫೋನ್ ಮಾಡಿ ಕರೆಸುತ್ತೇವೆ ಎಂದು ಸಂಶೋಧನೆಯ ಕಾಗದಪತ್ರ ನೋಡುವ ಭೀಮರಾಜ ಹೇಳಿದ್ದ. ನಿಮಗೆ ಫೋನ್ ಬಂದರೆ ನನಗೆ ತಿಳಿಸಿಯೇ ತಿಳಿಸುತ್ತೀರಿ ಎಂದು ಕಾದೆ. ನೋಡಿ ನನ್ನ ಬುದ್ಧಿ! ಯಾರೂ ಕೇಳದಿದ್ದಾಗ, ಗುಣವಾದವಳನ್ನು ಏಕೆ ಕರೆಯುತ್ತಾರೆ ಎಂದು ಸಮಾಧಾನ ಮಾಡಿಕೊಂಡೆ. ಅಷ್ಟರಲ್ಲಿ ನೀವು ಕುರುಗೋಡಿನಲ್ಲಿ ಇನ್ನೊಬ್ಬಳನ್ನು ಕಟ್ಟಿಕೊಂಡ ಸುದ್ದಿ ಬಂತು. ಅತ್ತು ಅತ್ತು ಸಾಕಾಗಿ, ಕೆಲಸ ಹುಡುಕಿಕೊಂಡು ಇಲ್ಲಿಗೆ ಬಂದೆ. ನನ್ನನ್ನು ಕೊಂದು ಕಟ್ಟಿಕೊಂಡಿದ್ದೀರಿ ಎಂದು ಮಾತ್ರ ಗೊತ್ತಿರಲಿಲ್ಲ.

ಅದು ಗೊತ್ತಾದದ್ದು ಕಳೆದ ತಿಂಗಳು. ದವಡೆಯ ಕೆಳಗೆ ಸಣ್ಣ ಬಾವು ಕಾಣಿಸಿತು. ಹೆದರಿ ಆಸ್ಪತ್ರೆಗೆ ಓಡಿದೆ. ಭೀಮರಾಜ ನನ್ನ ಹಳೆಯ ಚೀಟಿಯ ನಂಬರು ಒತ್ತಿ, ಕಂಪ್ಯೂಟರನ್ನೊಮ್ಮೆ ನನ್ನನ್ನೊಮ್ಮೆ ನೋಡಿ ಬೆವತುಬಿಟ್ಟ. 'ಅಕ್ಕಾ, ಈ ಪೇಶಂಟು ತೀರಿಕೊಂಡಾರ್ರೀ' ಎಂದ. ಹೋದ ವರ್ಷ ಫೆಬ್ರವರಿ ಒಂಬತ್ತಕ್ಕೆ ಸತ್ತಿದ್ದೇನಂತೆ. ಗಂಡ ಫೋನಿನಲ್ಲಿ ತಿಳಿಸಿದರು, ಊರಲ್ಲೇ ಮಣ್ಣು ಮಾಡಿದ್ದಾರೆ, ಮರಣಪತ್ರ ಮಾಡಿಸಿಲ್ಲ ಎಂದು ಬರೆದಿತ್ತು. ನಿಮ್ಮ ಮದುವೆ ಅದೇ ತಿಂಗಳು ಹದಿನೆಂಟಕ್ಕೆ. ಒಂಬತ್ತು ದಿನ. ನನ್ನ ಸೂತಕವನ್ನಾದರೂ ಪೂರ್ತಿ ಕಳೆಯಬಾರದಿತ್ತೇ?

ಡಾಕ್ಟರ್ ನೇತ್ರಾ ಓಡಿ ಬಂದರು. ಅವರು ಮುಖ ನೋಡಲಿಲ್ಲ, ಬಾಯಿ ತೆರೆಸಿ ಬ್ಯಾಟರಿ ಬಿಟ್ಟರು. 'ಇದು ನಾನ ಹಾಕಿದ ಹೊಲಿಗಿ' ಎಂದು ಅಲ್ಲೇ ಸ್ಟೂಲಿನ ಮೇಲೆ ಕೂತರು. 'ಕೊರಳ ಗಂಟು ತೆಗೆಸಿದವರ ಗುಂಪಿನಾಗ ನಿನ್ನನ್ನ ಸತ್ತೋರ ಸಾಲಿಗೆ ಹಾಕಿಬಿಟ್ಟಿದ್ವಿ' ಎಂದರು. ಅವರ ಕಣ್ಣಲ್ಲಿ ನೀರಿತ್ತು. ಇದರ ಅರ್ಥ ನಿಮಗೆ ಆಗುತ್ತದೋ ಇಲ್ಲವೋ, ಬಿಡಿಸಿ ಹೇಳುತ್ತೇನೆ. ನಾಳೆ ಇನ್ಯಾವಳೋ ಬಾಯಿ ಹುಣ್ಣಿನವಳು ಬಂದು ಕೊರಳೂ ಕೊಯ್ಯಿಸಿಕೊಳ್ಳಬೇಕಾ ಎಂದು ಕೇಳಿದಾಗ, ಡಾಕ್ಟರು ಕೊಡುವ ಉತ್ತರದಲ್ಲಿ ನೀವು ಹೇಳಿದ ಸುಳ್ಳೂ ಸೇರಿರುತ್ತಿತ್ತು. ನಿಮ್ಮ ಮದುವೆಗೆ ಅಡ್ಡಿಯಾಗದಿರಲಿ ಎಂದು ನೀವು ಹೇಳಿದ್ದು!

ಬಾವಿನೊಳಗೆ ಸೂಜಿ ಚುಚ್ಚಿ ಪರೀಕ್ಷೆಗೆ ಕಳಿಸಿದರು. ವರದಿ ಬರಲು ಮೂರು ದಿನ. ಆ ಮೂರು ದಿನ ಅನ್ನ ನೀರು ಬಿಟ್ಟು ನಿಮ್ಮನ್ನು ಶಪಿಸಿದೆ. ಗಡ್ಡೆ ಮರಳಿದ್ದರೆ, ಅದು ಒಂದೂವರೆ ವರ್ಷ ಹೇಳುವವರು ಕೇಳುವವರಿಲ್ಲದೆ ಬೆಳೆದಿರುತ್ತಿತ್ತು. ಬೆಳೆಯಲು ಬಿಟ್ಟವರು ನೀವು. ದೇವರ ದಯೆ, ಹಲ್ಲಿನ ನಂಜು ಅಷ್ಟೇ, ಹಲ್ಲು ಕೀಳಿಸಿದೆ. ಆಮೇಲೆ ಬದುಕುವ ಕೆಲಸ ಶುರುವಾಯಿತು. ಸಾಯಲು ನಿಮ್ಮದೊಂದು ಫೋನ್ ಸಾಕಾಗಿತ್ತು. ಬದುಕಲು ನನಗೆ ಆಧಾರ್ ಕಾರ್ಡು, ರೇಷನ್ ಕಾರ್ಡು, ಹೊಸ ಫೋಟೋ, ಹೆಬ್ಬೆಟ್ಟು, ಡಾಕ್ಟರ ಪತ್ರ, ಅದರ ಮೇಲೆ ದೊಡ್ಡವರ ಸಮಿತಿಯ ಸಹಿ, ಎಲ್ಲ ಸೇರಿ ಮೂರು ವಾರ ಹಿಡಿಯಿತು. ಈ ಸೋಮವಾರ ಕಂಪ್ಯೂಟರಿನಲ್ಲಿ ಜೀವ ಬಂತು.

ಅದಕ್ಕೆ ಹಿಂದಿನ ದಿನ, ಭಾನುವಾರ, ನಾನು ಕುರುಗೋಡಿಗೆ ಹೋಗಿದ್ದೆ. ನೀವು ಡ್ಯೂಟಿಯಲ್ಲಿದ್ದಿರಿ. ಬೀದಿಯಲ್ಲಿ ನಿಂತು ನಿಮ್ಮ ಮಾನ ಹರಾಜು ಹಾಕಿ, ಅವಳ ಜಡೆ ಹಿಡಿದು ಎಳೆದಾಡಿ ಬರಬೇಕೆಂದೇ ಹೊರಟಿದ್ದೆ. ಬಾಗಿಲಲ್ಲಿ 'ಜಡೆಮ್ಮ ಲೇಡೀಸ್ ಟೈಲರ್' ಎಂದು ಬೋರ್ಡು, ಕೆಳಗೆ ಫೋನ್ ನಂಬರು. ಮುಖಕ್ಕೆ ಸೆರಗು ಸುತ್ತಿಕೊಂಡು ಒಳಗೆ ಹೋದರೆ, ಎದುರು ಗೋಡೆಯ ಮೇಲೆ ನಾನೇ ಇದ್ದೆ! ನಮ್ಮ ಮದುವೆಯ ಫೋಟೋ ಕತ್ತರಿಸಿ ನನ್ನೊಬ್ಬಳಿಗೇ ಕಟ್ಟು ಹಾಕಿಸಿ, ಹಾರ ಹಾಕಿ, ಊದುಬತ್ತಿ ಹಚ್ಚಿದ್ದಾರೆ. ನೋಡುತ್ತಾ ನಿಂತೆ. ಅವಳು ಅಳತೆ ಪಟ್ಟಿ ಹಿಡಿದುಕೊಂಡು ಬಂದು, 'ನಮ್ಮ ಮನಿಯವರ ಮೊದಲ್ನೇಕಿ ರೀ. ಕ್ಯಾನ್ಸರ್ ಆಗಿತ್ತಂತ. ದಸರಾ ಮುಂದ ಹೊಸಾ ಸೀರಿ ಇಟ್ಟು ಎಡಿ ಮಾಡತೀನಿ. ನನ್ನ ಮ್ಯಾಲ ಸಿಟ್ಟಾಗಬ್ಯಾಡ ಅಕ್ಕಾ ಅಂತ ದಿನಾ ಬೇಡ್ಕೊಂತೀನ್ರಿ' ಎಂದಳು. ಹಾಗೆನ್ನುತ್ತಾ ಕೊರಳ ಸರದಲ್ಲಿದ್ದ ಬೆಳ್ಳಿ ಬಿಲ್ಲೆಯೊಂದನ್ನು ಕಣ್ಣಿಗೆ ಒತ್ತಿಕೊಂಡಳು. ಸತ್ತ ಸವತಿ ಕಾಡದಿರಲೆಂದು ನನ್ನ ಹೆಸರಿನಲ್ಲಿ ಕಟ್ಟಿಕೊಂಡದ್ದಂತೆ. ಜಡೆ ಹಿಡಿಯಲು ಹೋದವಳು ರವಿಕೆಗೆ ಅಳತೆ ಕೊಟ್ಟು ಬಂದೆ. ಹದಿನಾರು ವರ್ಷ ಸಂಸಾರ ಮಾಡಿದರೂ ನೀವಾಗಿ ನನಗೊಂದು ಸೀರೆ ತಂದವರಲ್ಲ. ನಿಮ್ಮ ಮನೆಯಲ್ಲಿ ಸೀರೆ ಸಿಗಬೇಕಾದರೆ ಸಾಯಬೇಕು ಎಂದು ಅವತ್ತು ತಿಳಿಯಿತು. ಬಸ್ಸಿನಲ್ಲಿ ಕೂತು ಯೋಚಿಸಿದೆ. ಅವಳ ಮೇಲಿದ್ದ ಸಿಟ್ಟೂ ಸೇರಿ ಈಗ ಎಲ್ಲ ನಿಮ್ಮ ಮೇಲೇ ಬಂದು ಕೂತಿದೆ. ನನ್ನನ್ನು ಸಾಯಿಸಿದ್ದಲ್ಲದೆ, ಆ ಹೆಣ್ಣುಮಗಳನ್ನು ಇಲ್ಲದ ದೆವ್ವಕ್ಕೆ ಹೆದರಿ ಬದುಕುವ ಹಾಗೆ ಮಾಡಿದ್ದೀರಿ.

ಪೊಲೀಸು, ಕೇಸು ಎಂದು ಜೊತೆಯಲ್ಲಿ ಹೊಲಿಯುವವರೆಲ್ಲ ಹೇಳುತ್ತಾರೆ. ಅದು ಎಲ್ಲಿಗೂ ಓಡಿಹೋಗುವುದಿಲ್ಲ, ಆಮೇಲೆ ನೋಡೋಣ. ಅವ್ವನಿಗೆ ನಿಮಗೆ ಆಶೀರ್ವಾದ ಬರೆಯಲಾ ಎಂದು ಕೇಳಿದೆ. ಅವಳು ಹೇಳಿದ್ದನ್ನು ಕಾಗದದಲ್ಲಿ ಬರೆಯುವಂತಿಲ್ಲ. ನನ್ನದನ್ನೇ ತೆಗೆದುಕೊಳ್ಳಿ: ಆಯುಷ್ಯ ಗಟ್ಟಿಯಿರಲಿ, ಕಿವಿ ಚುರುಕಾಗಿರಲಿ, ನಿದ್ದೆ ಮಾತ್ರ ಬಾರದಿರಲಿ.

ಇಂತಿ,
ಇನ್ನೂ ಬದುಕಿರುವ
ಹೊನ್ನೂರಮ್ಮ

ತಾ.ಕ.: ಅವಸರದಲ್ಲಿ ಮರೆತಿದ್ದೆ. ಬದುಕಿದ ಮೇಲೆ ಫಾರಂ ಹೊಸದಾಗಿ ತುಂಬಬೇಕಾಯಿತು. ನಮ್ಮ ಕೆಲಸದಲ್ಲಿ ಹಗಲು ಫೋನ್ ಮುಟ್ಟಗೊಡುವುದಿಲ್ಲ, ಮನೆಯವರನ್ನೇ ಕೇಳಿ ಎಂದೆ. ಎರಡು ನಂಬರು ಬೇಕಂತೆ. ನಿಮ್ಮದನ್ನೇ ಕೊಟ್ಟೆ. ಭೀಮರಾಜ, 'ಬ್ಯಾಡಕ್ಕಾ, ಅದು ಸುಳ್ಳು ಹೇಳೂ ನಂಬರು' ಎಂದು ಅದನ್ನು ಎರಡನೆಯದು ಮಾಡಿದ. ಮೊದಲನೆಯದು ಟೈಲರ್ ಬೋರ್ಡಿನ ಮೇಲಿದ್ದದ್ದು. ಸಂಬಂಧ ಎಂಬಲ್ಲಿ ತಂಗಿ ಎಂದು ಬರೆದೆ. ಇನ್ನು ಮೂರು ತಿಂಗಳಿಗೊಮ್ಮೆ, 2028ರ ಮಾರ್ಚ್‌ವರೆಗೆ ಫೋನ್ ಬರುತ್ತದೆ. ಈ ಕಾಗದ ಸೋಮವಾರ ನಿಮ್ಮ ಕೈ ಸೇರುತ್ತದೆ. ಅಷ್ಟರ ಮೇಲೆ ನೀವೇ ಅವಳಿಗೆ ಬಾಯಿ ಬಿಟ್ಟು ಹೇಳಿದರೆ ಹೇಳಿ. ಇಲ್ಲದಿದ್ದರೆ ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಭೀಮರಾಜ ಜಡೆಮ್ಮನಿಗೆ ಫೋನ್ ಮಾಡಿ ಕೇಳುತ್ತಾನೆ: 'ಅಮ್ಮಾ, ನಿಮ್ಮಕ್ಕ ಹೊನ್ನೂರಮ್ಮ ಹೆಂಗದಾರ್ರಿ?'